ಹಾಜರಿ ಹೊತ್ತಿನ ಬೆತ್ತ

ಹೈಸ್ಕೂಲಿನಲ್ಲಿ ಹಾಜರಿ ಕೂಗಿದಾಗ ಮಗು ಇರದಿದ್ದರೆ, ಮನೆಯಲ್ಲಿದ್ದ ತಾಯಿಯ ಬೆನ್ನಿಗೆ ಕಾಣದ ಬೆತ್ತ ಬೀಳುತ್ತಿತ್ತು. ಊರಿಗೆಲ್ಲ ಅದು ರೂಢಿಯಾಗಿತ್ತು. ನಿನ್ನೆಯ ಏಟಿಗೆ ಕಸ್ತೂರಿಯ ರವಿಕೆ ರಕ್ತದಲ್ಲಿ ಬೆನ್ನಿಗಂಟಿತ್ತು. ಮಗಳು ಶೈಲಾಳಿಗೆ ಇವತ್ತೂ ಸುಡುವ ಜ್ವರ.

“ಹುಡುಗೀನ ಸಾಲಿಗೆ ಕಳಿಸಬಾರದೇನವಾ? ನಿಂದೇನು ಎತ್ತಿನ ಬೆನ್ನೇನ?” ಎಂದು ಪಕ್ಕದ ಮನೆಯ ನೀಲವ್ವ ರೇಗಿದಳು.

“ಮಲಗಲಿ ಬಿಡ ನೀಲಕ್ಕಾ. ನಾ ತಡಕೋತೀನಿ.”

ಪ್ರಾರ್ಥನೆಯ ಗಂಟೆ ಕೇಳಿಸಿತು. ಕಸ್ತೂರಿ ಸೆರಗು ಕಚ್ಚಿ, ಪಡಸಾಲೆಯ ಕಂಬವನ್ನು ಅಪ್ಪಿ ನಿಂತಳು. ಹಾಜರಿ ಮುಗಿಯುವ ಹೊತ್ತು ಕಳೆಯಿತು. ಏಟು ಬೀಳಲಿಲ್ಲ.

“ಮಾಸ್ತರಗೆ ನಿನ್ನ ಮ್ಯಾಲೆ ಕರುಣಾ ಬಂತು ನೋಡ!” ಎಂದು ನೀಲವ್ವ ನಕ್ಕಳು.

ಕಸ್ತೂರಿ ನಗಲಿಲ್ಲ, ಒಳಗೆ ಓಡಿದಳು. ಬೆವರಿಗೆ ಒದ್ದೆಯಾದ ಹಾಸಿಗೆ ಖಾಲಿಯಾಗಿತ್ತು. ಹಿತ್ತಿಲ ಬಾಗಿಲು ತೆರೆದಿತ್ತು, ಗೂಟದಲ್ಲಿ ಪುಸ್ತಕದ ಚೀಲ ಇರಲಿಲ್ಲ.

“ಹೊಡೀರಿ! ನನಗ ಹೊಡೀರಿ! ಆಕಿ ಮಲಗಲಿ!” ಎಂದು ಕಿರುಚುತ್ತ ಅವಳು ಶಾಲೆಯತ್ತ ಓಡಿದಳು.