ಬಾರದಿರಲಿ ಬೊಂಬಾಯಿ ಕಾಗದ

“ಇಲ್ಲ ಅಂದ್ರೆ ಇಲ್ಲ ಮಾರಾಯ. ಬೊಂಬಾಯಿದು ಒಂದೂ ಇಲ್ಲ,” ಎಂದ ಪೋಸ್ಟ್‌ಮ್ಯಾನ್ ರಮಾನಂದ, ಸೈಕಲ್ಲಿನಿಂದ ಇಳಿಯದೆ.

ಶನಿಯಾರ ಎಡಗಣ್ಣು ಮಿಟುಕಿಸಿದ. ಬಾಳೆಲೆಯಲ್ಲಿ ಸುತ್ತಿದ ಬಂಗಡೆಯ ಕಟ್ಟನ್ನು ಹ್ಯಾಂಡಲ್ಲಿಗೆ ನೇತುಹಾಕಿದ. “ಗೊತ್ತಾತು, ಗೊತ್ತಾತು. ನಾಳೆನೂ ಹೀಗೇ ಹೇಳಿ ರಮಾನಂದಣ್ಣ.”

ರಮಾನಂದನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಬಂಗಡೆ ತಾಜಾ ಇತ್ತು.

೧೯೭೮ರ ದೀಪಾವಳಿ. ಹೊನ್ನಾವರಕ್ಕೆ ಬರುವ ಟಪಾಲು ಚೀಲಗಳು ಬಸ್ಸಿನ ನೆತ್ತಿಯ ಮೇಲೆ ಹಿಡಿಸದೆ ಅರ್ಧ ದಾರಿಯಲ್ಲೇ ಉಳಿಯುತ್ತಿದ್ದವು. ಮನಿಯಾರ್ಡರು ತಡ, ಪಾರ್ಸೆಲ್ಲು ತಡ, ಹಬ್ಬದ ಕಾರ್ಡು ಇನ್ನೂ ತಡ. ಊರಿಗೆ ಊರೇ ಅಂಚೆಯವರಿಗೆ ಶಾಪ ಹಾಕುತ್ತಿತ್ತು. ಶನಿಯಾರನೊಬ್ಬ ಮಾತ್ರ ದೇವರ ಮುಂದೆ ನಿಂತು, ಇನ್ನಷ್ಟು ತಡವಾಗಲಿ ಎಂದು ಬೇಡಿಕೊಳ್ಳುತ್ತಿದ್ದ.

ಕಾರಣ, ಮಗಳು ದೇವಿಯ ಮದುವೆ. ಮುರ್ಡೇಶ್ವರದ ಹುಡುಗ ಸೋಮ ಹಡಗಿನ ಕೆಲಸಕ್ಕೆ ರಜೆ ಹಾಕಿ ಬಂದಿದ್ದ. ತುಳಸಿ ಹಬ್ಬ ಮುಗಿದೊಡನೆ ಮದುವೆ, ಅದರ ಬೆನ್ನಿಗೇ ಅವನು ವಾಪಸು ಹಡಗು ಹತ್ತಬೇಕು. ಹೋದ ವರ್ಷ ಚಪ್ಪರ ಹಾಕಿದ ದಿನವೇ ಶನಿಯಾರನ ಅಜ್ಜಿ ತೀರಿಕೊಂಡು, ಸೂತಕ ಬಂದು, ಇದೇ ಮದುವೆ ನಿಂತಿತ್ತು. ಇನ್ನೊಮ್ಮೆ ತಪ್ಪಿದರೆ ಬೇರೆ ಹೆಣ್ಣು ನೋಡುತ್ತೇವೆಂದು ಹುಡುಗನ ತಾಯಿ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ದೇವಿ ಅಂದು ಊಟ ಬಿಟ್ಟು ಅತ್ತಿದ್ದನ್ನು ಶನಿಯಾರ ಮರೆತಿರಲಿಲ್ಲ.

ಈ ಸಲ ಮೇಲಕ್ಕೆ ಹೊರಡಲು ತಯಾರಾಗಿದ್ದವನು ಬೊಂಬಾಯಿಯ ತಿಮ್ಮ ದೊಡ್ಡಪ್ಪ. ಮದುವೆಯಾಗದ ಅಣ್ಣತಮ್ಮಂದಿರು, ತಿಮ್ಮ ಮತ್ತು ದಾಸ, ಅಲ್ಲಿ ಒಂದೇ ಖೋಲಿಯಲ್ಲಿದ್ದರು. ಮದುವೆಯ ದಿನವನ್ನು ಇಬ್ಬರಿಗೂ ಮೊದಲೇ ತಿಳಿಸಿಯಾಗಿತ್ತು. ಚೌತಿಯಿಂದ ದಾಸ ಚಿಕ್ಕಪ್ಪ ವಾರ ತಪ್ಪದೆ ಕಾರ್ಡು ಹಾಕುತ್ತಿದ್ದ. ಅಣ್ಣ ಹಾಸಿಗೆ ಹಿಡಿದಿದ್ದಾನೆ, ಇವತ್ತೋ ನಾಳೆಯೋ ಎನ್ನುವ ಹಾಗಿದೆ, ನಾನು ನೋಡಿಕೊಳ್ಳುತ್ತಿದ್ದೇನೆ. ಹಬ್ಬ ಹತ್ತಿರ ಬಂದಂತೆ ಆ ಕಾರ್ಡೂ ನಿಂತಿತು.

ಸುದ್ದಿ ಕಿವಿಗೆ ಬಿದ್ದರೆ ತಾನೆ ಸೂತಕ? ಮದುವೆಗೆ ಮೊದಲು ಬಿದ್ದರೆ ಎಲ್ಲ ಮುಗಿಯಿತು. ಮುಗಿದ ಮೇಲೆ ಬಿದ್ದರೆ ತಲೆಗೆ ನಾಲ್ಕು ಕೊಡ ನೀರು ಹೊಯ್ದುಕೊಂಡರೆ ಆಯಿತು. ದೊಡ್ಡಪ್ಪ ಸಾಯುವುದನ್ನು ತಡೆಯಲು ಶನಿಯಾರನಿಂದಾಗದು. ಟಪಾಲನ್ನು ತಡೆಯಬಹುದಿತ್ತು.

ಬರೀ ಬಂಗಡೆಯನ್ನು ನಂಬಿ ಕೂರುವ ಆಸಾಮಿಯಲ್ಲ ಅವನು. ಗ್ರೀಟಿಂಗ್ ಕಾರ್ಡಿನ ಕಟ್ಟೊಂದನ್ನು ತಂದು ದೇವಿಯ ಮುಂದಿಟ್ಟ.

“ಬರಿ ಮಗಾ.”

“ಯಾರಿಗೆ ಅಪ್ಪಾ?”

“ಯಾರಿಗಾದ್ರೂ ಬರಿ.”

ಕುಮಟೆಯ ವಕೀಲರಿಗೆ, ಭಟ್ಕಳದ ಜವಳಿ ಅಂಗಡಿಯವರಿಗೆ, ಮುಖವನ್ನೇ ನೋಡದ ಕತಗಾಲದ ಹೆಗಡೆಯವರಿಗೆ ಮೀನುಗಾರ ಶನಿಯಾರನ ದೀಪಾವಳಿ ಶುಭಾಶಯಗಳು ಹೊರಟವು. ಚೀಲ ತುಂಬಿದಷ್ಟೂ ಬೊಂಬಾಯಿ ಕಾಗದ ಅಡಿಗೆ ಬೀಳುತ್ತದೆಂದು ಅವನ ಎಣಿಕೆ. ಆದರೆ ಅವರೆಲ್ಲ ಮರ್ಯಾದಸ್ಥರು, ಉತ್ತರ ಬರೆದರು. ರಮಾನಂದ ಬೆವರೊರೆಸಿಕೊಳ್ಳುತ್ತ ಹೊರೆ ತಂದು ಜಗಲಿಯ ಮೇಲೆ ಸುರಿದ.

“ನಿನ್ನ ಮನೆಗೇ ಒಂದು ಬೇರೆ ಚೀಲ ಬೇಕಾತು. ಭಟ್ಕಳದ್ದು ಅದೆ, ಕುಮಟೆದು ಅದೆ. ಬೊಂಬಾಯಿದು ಮಾತ್ರ ಇಲ್ಲ.”

ಶನಿಯಾರ ಮನಸ್ಸಿನಲ್ಲೇ ಅವನಿಗೆ ಕೈಮುಗಿದ. ಎಂಥ ನಿಯತ್ತಿನ ಮನುಷ್ಯ! ಅಂದು ಬಂಗಡೆಯ ಬದಲು ಇಡೀ ಇಸ್ವಾಣ ಮೀನನ್ನೇ ಕೊಟ್ಟು ಕಳಿಸಿದ.

ಚಾ ಅಂಗಡಿಯಲ್ಲಿ ಅಂಚೆಯ ತಡದ ಮೇಲೆ ಊರವರೆಲ್ಲ ಸೇರಿ ಅರ್ಜಿ ಬರೆಸಿದರು. ಶನಿಯಾರ ಹೆಬ್ಬೆಟ್ಟು ಒತ್ತಲಿಲ್ಲ. “ಹಬ್ಬದಾಗೆ ಅವರಾದ್ರೂ ಎಂತ ಮಾಡೂದು? ಬರ್ಲಿ ನಿಧಾನಕ್ಕೆ,” ಎಂದ. ಟಪಾಲಿನ ಗೊಡವೆಯೇ ಬೇಡವೆಂದು ಬೊಂಬಾಯಿಯ ಜನ ಈಗ ಸುದ್ದಿಯನ್ನೆಲ್ಲ ಬಸ್ಸಿಗೆ ಬರುವವರ ಕೈಯಲ್ಲೇ ಕಳಿಸುತ್ತಿದ್ದಾರೆಂದು ಅಲ್ಲೇ ಯಾರೋ ಹೇಳಿದರು. ಅಂದಿನಿಂದ ಬೊಂಬಾಯಿಯಿಂದ ಬಂದವರು ಕಂಡರೆ ಶನಿಯಾರ ಕಿವಿ ಮುಚ್ಚಿಕೊಂಡು ಓಡತೊಡಗಿದ.

ಮದುವೆಯ ದಿನ ಬಂದೇಬಿಟ್ಟಿತು. ದಿಬ್ಬಣವೂ ಬಂತು. ಅದರ ಹಿಂದೆಯೇ, ಬಸ್ಸಿಳಿದು ಟ್ರಂಕು ಹಿಡಿದು ಚಪ್ಪರದತ್ತ ನಡೆದು ಬಂದವನು ಸಾಕ್ಷಾತ್ ತಿಮ್ಮ ದೊಡ್ಡಪ್ಪ! ಸೊರಗಿದ್ದ, ಆದರೆ ಬದುಕಿದ್ದ. ಈ ಸಲ ಶನಿಯಾರನಿಗೆ ಓಡಬೇಕೆನ್ನಿಸಲಿಲ್ಲ. ನಗುವೂ ಅಳುವೂ ಒಟ್ಟಿಗೇ ಬಂದವು. ಅಷ್ಟೂ ಬಂಗಡೆ ದಂಡವಾಗಿತ್ತು.

ಕಾಲಿಗೆ ಬೀಳಲು ಹೋದರೆ ದೊಡ್ಡಪ್ಪ ಹಿಂದೆ ಸರಿದ. “ಮುಟ್ಟಬೇಡ. ಬೇನೆ ಮೈ ಇದು.” ಸುಡು ಬಿಸಿಲಿನಲ್ಲೂ ಉಣ್ಣೆಯ ಟೊಪ್ಪಿ ತೆಗೆಯಲಿಲ್ಲ. ಚಪ್ಪರದೊಳಗೆ ಬಾರದೆ ಹೊರಗೆ ಕವುಚಿ ಹಾಕಿದ ದೋಣಿಯ ಮೇಲೆ ಕುಳಿತ. ಅಕ್ಷತೆ ಕೊಟ್ಟರೆ ಬೇಡವೆಂದ. ಕಾಯಿಲೆಯ ಮುದುಕ, ಪಾಪ, ಎಂದು ಹೆಂಗಸರು ಮರುಗಿದರು.

“ದಾಸ ಚಿಕ್ಕಪ್ಪ ಬರ್ಲಿಲ್ವಾ?” ಎಂದು ಶನಿಯಾರನ ಹೆಂಡತಿ ಬೆಳ್ಳಿ ಕೇಳಿದಳು.

“ಇಲ್ಲ. ಅವನಿಂದ ಬರೂಕೆ ಆಗೂದಿಲ್ಲ. ಮದುವೆ ಒಂದು ಸುಸೂತ್ರ ಆಗ್ಲಿ ಅಂತಿದ್ದ.”

ದೇವಿಯ ಕೊರಳಿಗೆ ತಾಳಿ ಬಿತ್ತು. ಅವಳು ನಕ್ಕಿದ್ದನ್ನು ನೋಡಿ ಶನಿಯಾರ ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಊಟವಾಯಿತು. ದಿಬ್ಬಣ ಮುರ್ಡೇಶ್ವರದ ದಾರಿ ಹಿಡಿದು ಕಣ್ಮರೆಯಾಗುವವರೆಗೂ ದೊಡ್ಡಪ್ಪ ದೋಣಿ ಬಿಟ್ಟು ಏಳಲಿಲ್ಲ. ಆಮೇಲೆ ಶನಿಯಾರನನ್ನು ಬಾವಿಯ ಹತ್ತಿರ ಕರೆದು ಟೊಪ್ಪಿ ತೆಗೆದ. ತಲೆ ಪೂರ್ತಿ ಬೋಳಿಸಿಕೊಂಡಿದ್ದ.

“ನೀರು ಹೊಯ್ಕೋ ಮಗಾ. ದಾಸ ಹೋದ. ನನಗೆ ಔಷಧಿ ತರೂಕೆ ಹೋದವ ದಾರಿಯಲ್ಲೇ ಬಿದ್ದ.”

ಶನಿಯಾರ ಬಾವಿಯ ಕಟ್ಟೆ ಹಿಡಿದುಕೊಂಡ. ನಾಲ್ಕು ಕೊಡ ನೀರು ತಲೆಗೆ ಹೊಯ್ದುಕೊಂಡು ಕೇಳಿದ. “ಮತ್ತೆ... ಕಾಗದ? ರಮಾನಂದಣ್ಣನ ಹತ್ರ ಅದೆಯಾ?”

“ಅವನ ಹತ್ರ ಎಲ್ಲಿಂದ ಬರ್ತದೆ? ಬರೆದು ಡಬ್ಬಿವರೆಗೂ ತಕಂಡು ಹೋಗಿದ್ದೆ, ಹಾಕೂಕೆ ಧೈರ್ಯ ಬರ್ಲಿಲ್ಲ. ಈ ಟಪಾಲಿನವರನ್ನ ನಂಬೂಕೆ ಆಗೂದಿಲ್ಲ ಮಗಾ, ಎಲ್ಲಾದ್ರೂ ಮದುವೆ ಮೊದಲೇ ತಲುಪಿಸಿಬಿಟ್ರೆ?”