ಕೈಗುಣ

ನೋವಿನ ಮಾತ್ರೆಗಳು ಮನುಷ್ಯರಿಗೆ ನಾಟುವುದು ನಿಂತ ಮೇಲೆ, ನೋವನ್ನು ನರ್ಸುಗಳೇ ರೋಗಿಯ ಕೈ ಹಿಡಿದು ತಮ್ಮ ಮೈಗೆ ಎಳೆದುಕೊಳ್ಳುತ್ತಿದ್ದರು. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕಿಡ್ನಿ ಕಲ್ಲಿನ ವಾರ್ಡಿನಲ್ಲಿ ದಾನಮ್ಮ ಸಿಸ್ಟರ್ ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟು, ರೋಗಿಯ ಉಸಿರಿಗೆ ತನ್ನ ಉಸಿರು ಕೂಡಿಸಿ ಕೈ ಹಿಡಿದರೆ ಸಾಕು, ಅರ್ಧ ನೋವು ಅವಳಿಗೆ. "ಏನ್ ಕೈಗುಣರೀ ನಿಮ್ದು!" ಎಂದು ಎದ್ದು ಹೋದವರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಇವತ್ತು ಅದೇ ವಾರ್ಡಿನ ಮಂಚದ ಮೇಲೆ ಅವಳೇ ಕಲ್ಲಿನ ನೋವಿಗೆ ಹೊರಳಾಡುತ್ತಿದ್ದಳು. "ನೀರು ಕುಡಿಯೂದಿಲ್ಲೇನ್ರೀ ನೀವು?" ಎಂದು ಡಾಕ್ಟರು ಗದರಿಸಿ ಹೋಗಿದ್ದರು. ಕುಡಿದರೆ ನಡುವೆ ಒಂದಕ್ಕೆ ಏಳಬೇಕಾಗುತ್ತಿತ್ತು; ಹಿಡಿದ ಕೈ ಬಿಟ್ಟು ಏಳುವುದು ಹೇಗೆ?

ಹೊಸ ನರ್ಸು ಶೈನಾಜ್ ಬಂದು ಅವಳ ಕೈ ಹಿಡಿದಳು. "ನೋವು ನನ್ ಕಡೆ ಬಿಡ್ರಿ ಸಿಸ್ಟರ್."

ಬಿಡುವುದು ದಾನಮ್ಮನಿಗೆ ಗೊತ್ತೇ ಇರಲಿಲ್ಲ. ರೂಢಿಯ ಕೈ ತಾನಾಗಿ ಎಳೆದುಕೊಂಡಿತು. ಶೈನಾಜಳ ಕಿಬ್ಬೊಟ್ಟೆಯ ಉರಿ ಬಂದು ಅವಳ ಕಲ್ಲಿನ ನೋವಿನ ಜೊತೆ ಸೇರಿತು.

ದಾನಮ್ಮ ಹಲ್ಲು ಕಚ್ಚಿ ಕೇಳಿದಳು: "ಮುಂಜಾನಿಯಿಂದ ಒಂದಕ್ಕ ಹೋಗಿಲ್ಲೇನ ನೀನೂ?"

"ನಾ ಹೋದ್ರ ಈ ಪೇಷಂಟ್ರ ಕೈ ಹಿಡಿಯೋರು ಯಾರ್ರೀ?"