ಯಾರೋ ಒತ್ತಿಸಿದ ಗುಂಡಿ

ರಾಮದಾಸನ ಮಂಜೂರಾದ ಮೈಸೂರು ವರ್ಗಾವಣೆಯ ಅರ್ಜಿಯನ್ನು ರಾಮದಾಸನೇ ಹಿಂತೆಗೆದುಕೊಂಡಿದ್ದಾನೆ ಎಂದು ಕಂಪ್ಯೂಟರ್ ಹೇಳುತ್ತಿತ್ತು. ಅವನ ಹೆಸರು, ಅವನ ಲಾಗಿನ್, ಅವನದೇ ಮೇಜಿನ ಯಂತ್ರ. ತಿರುವನಂತಪುರದ ತಂಪಾನೂರಿನ ಆ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಸಿಬ್ಬಂದಿಯ ರಜೆ, ವರ್ಗಾವಣೆಗಳೆಲ್ಲ ನಡೆಯುವ ವೆಬ್‌ಸೈಟಿಗೆ ಅಡ್ಮಿನ್ ಕೂಡ ಅವನೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

"ಯಾರೋ ನನ್ನ ಕೈಯಲ್ಲಿ ಒತ್ತಿಸಿದ್ದಾರೆ," ಎಂದ ರಾಮದಾಸ.

ಯಾರೂ ಅನುಮಾನಿಸಲಿಲ್ಲ. ಬಂದ ದಿನದಿಂದ ತಿರುವನಂತಪುರವನ್ನು ಬೈಯುವುದೇ ಅವನ ಎರಡನೆಯ ಉದ್ಯೋಗ. ಕೆಂಪಕ್ಕಿ ಗಂಟಲಲ್ಲಿ ಇಳಿಯದು, ತೆಂಗಿನೆಣ್ಣೆ ಹೊಟ್ಟೆಗೆ ಒಗ್ಗದು, ಕಡಲಂಚಿನ ತುಂಬ ಎಂಬಲ್ಲಿನ ಬಾಡಿಗೆ ಮನೆಯಲ್ಲಿ ಉಪ್ಪುಗಾಳಿಗೆ ಬೀಗವೂ ತುಕ್ಕು ಹಿಡಿಯುತ್ತದೆ. ಕನ್ನಡ ಸಂಘದಲ್ಲಿ ಮೈಕು ಸಿಕ್ಕಿದರೆ ಮೈಸೂರಿನ ಗಾಳಿಯಿಂದ ಹಿಡಿದು ಸೊಳ್ಳೆಯವರೆಗೂ ಹೊಗಳುತ್ತಿದ್ದ. ಈ ಪುರಾಣ ಕೇಳಿ ಕೇಳಿ ಹೆಂಡತಿ ನಿರ್ಮಲ ಪಾತ್ರೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದ್ದಳು. ಸಂಘದವರು ಬೀಳ್ಕೊಡುಗೆಗೆ ಶಾಲು ತಂದಿಟ್ಟಿದ್ದರು. ಅಂಥವನ ವರ್ಗಾವಣೆ ತಪ್ಪಿತೆಂದರೆ ಅದು ಆಗದವರ ಕೈವಾಡವೇ ಇರಬೇಕು.

ಹೇಗಾಯಿತೆಂದು ರಾಮದಾಸನೇ ಎಲ್ಲರಿಗೂ ಬಿಡಿಸಿ ಹೇಳಿದ. ಸಾಹೇಬರು ಕಾಗದದ ರಾಶಿಗೆ ಸಹಿ ಹಾಕುತ್ತ ಹೋಗುವಾಗ ನಡುವೆ ಯಾರೋ ಒಂದು ಹಾಳೆ ತೂರಿಸಿದರೆ? ಸಹಿ ಅಸಲಿ, ಮನಸ್ಸು ಮಾತ್ರ ಸಾಹೇಬರದಲ್ಲ. ಹಾಗೆಯೇ ಅಡ್ಮಿನ್ ತನ್ನ ಸೈಟಿನಲ್ಲಿ ಲಾಗಿನ್ ಆಗಿರುವಾಗ ಪಕ್ಕದ ಟ್ಯಾಬಿನಲ್ಲಿ ಕಂಡವರ ಲಿಂಕ್ ತೆರೆದರೆ, ಆ ಪುಟ ಸದ್ದಿಲ್ಲದೆ ಅವನ ಬ್ರೌಸರಿನಿಂದಲೇ ಗುಂಡಿ ಒತ್ತಿಸಿಬಿಡುತ್ತದೆ. ಅಡ್ಮಿನ್ನೇ ಕೇಳಿದ್ದೆಂದು ಸೈಟ್ ನಂಬುತ್ತದೆ. ತಾನು ಆವತ್ತು ಇಲ್ಲಿಯವರ ಅಡಪ್ರಥಮನ್ ಪಾಯಸ ಮಾಡುವ ವಿಧಾನದ ಲಿಂಕೊಂದನ್ನು ತೆರೆದಿದ್ದೆನೆಂದು ತಲೆ ತಗ್ಗಿಸಿ ಒಪ್ಪಿಕೊಂಡ.

ಕಚೇರಿ ಬಿದ್ದು ಬಿದ್ದು ನಕ್ಕಿತು. ಹೋದ ತಿಂಗಳಷ್ಟೇ ಇದೇ ರಾಮದಾಸ ಇದೇ ಮೋಸದ ಬಗ್ಗೆ ಎಲ್ಲರನ್ನೂ ಕೂರಿಸಿಕೊಂಡು ಭಾಷಣ ಬಿಗಿದಿದ್ದ. ತನ್ನ ಸೈಟಿನ ಪ್ರತಿ ಫಾರ್ಮಿಗೂ ಗುಟ್ಟಿನ ಟೋಕನ್ ಹಾಕಿದ್ದೇನೆ, ಅದು ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದಂತೆ, ಹೊರಗಿನ ಪುಟ ತಲೆಕೆಳಗಾಗಿ ನಿಂತರೂ ಅದನ್ನು ತರಲಾರದು ಎಂದು ಎದೆ ತಟ್ಟಿಕೊಂಡಿದ್ದ. ಈಗ ಕೇಳಿದರೆ, ಒಂದು ಫಾರ್ಮ್ ಮರೆತಿರಬೇಕು ಎಂದ. ಎದುರು ಮೇಜಿನ ಆಯೇಷಾ ಗೇಲಿಗೆಂದೇ ಮರುದಿನ ಮನೆಯಿಂದ ಅಡಪ್ರಥಮನ್ ಮಾಡಿಕೊಂಡು ಬಂದಳು. ರಾಮದಾಸ ಅವಮಾನವನ್ನು ಪಾಯಸದ ಜೊತೆಗೇ ನುಂಗಿ, ಇನ್ನೊಂದು ಲೋಟ ಕೇಳಿದ.

ನಿರ್ಮಲ ಸುದ್ದಿ ಕೇಳಿ ಪೆಟ್ಟಿಗೆಯ ಹಗ್ಗ ಬಿಚ್ಚಿದಳು. ಆಮೇಲೆ "ಹೋಗ್ಲಿ ಬಿಡಿ" ಎಂದು ಪೆಟ್ಟಿಗೆಯಿಂದ ಮೊದಲು ತೆಂಗಿನಕಾಯಿ ತುರಿಯುವ ಮಣೆಯನ್ನು ಹೊರತೆಗೆದಳು. ಅವಳ ಮುಖ ನೋಡುವ ಧೈರ್ಯವಾಗದೆ ರಾಮದಾಸ ಜಗಲಿಗೆ ಹೋಗಿ, ಊಟಕ್ಕೆ ಕರೆಯುವವರೆಗೂ ಆ ಹಾಳು ಉಪ್ಪುಗಾಳಿಯಲ್ಲೇ ಕೂತಿದ್ದ.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಸಾಹೇಬರಿಗೆ ಅವನ ಮೇಲೆ ಕನಿಕರ ಹುಟ್ಟಿ, ತನಿಖೆಗೆ ಬರೆದರು. ಹೊರಗಿನವರ ಮೋಸವೆಂದು ಖಚಿತವಾದರೆ ವರ್ಗಾವಣೆಯನ್ನು ಮರಳಿ ಕೊಡಿಸುವುದಾಗಿ ಮಾತು ಕೊಟ್ಟರು. ಇಷ್ಟು ಸಣ್ಣ ವಿಷಯಕ್ಕೆ ತನಿಖೆ ಯಾಕೆಂದು ರಾಮದಾಸ ಗೋಗರೆದ. ಎಷ್ಟು ಸಂಕೋಚದ ಮನುಷ್ಯ ಎಂದು ಸಾಹೇಬರು ಇನ್ನಷ್ಟು ಕರಗಿದರು.

ಕೊಚ್ಚಿಯ ಕಲೂರ್ ಶಾಖೆಯಿಂದ ತನಿಖೆಗೆ ವಿನಯ್ ಬಂದ. ಕಾಸರಗೋಡಿನವನು, ಕನ್ನಡದವನು, ಕೆಲಸದಲ್ಲಿ ಚುರುಕು. ಅವನು ಯಾರು ಯಾವಾಗ ಏನು ಒತ್ತಿದರೆಂದು ಹೇಳುವ ಸೈಟಿನ ಲಾಗ್ ತೆರೆದು ಕೂತಷ್ಟು ಹೊತ್ತೂ ರಾಮದಾಸನ ಅಂಗಿ ಬೆವರಿನಲ್ಲಿ ತೊಯ್ದಿತು. ಪಾಪ, ಮೈಸೂರಿಗೆ ಎಷ್ಟು ಹಂಬಲಿಸುತ್ತಿದ್ದಾರೆ ಎಂದು ಆಯೇಷಾ ಫ್ಯಾನನ್ನು ಅವನ ಕಡೆ ತಿರುಗಿಸಿದಳು.

ಸಂಜೆ ಎಲ್ಲರೂ ಹೋದ ಮೇಲೆ ವಿನಯ್ ಬಾಗಿಲು ಮುಚ್ಚಿದ.

"ಸರ್, ಟೋಕನ್ ಸರಿಯಾಗಿಯೇ ಉಂಟು. ನೀವು ಒಂದು ಫಾರ್ಮನ್ನೂ ಮರೆತಿಲ್ಲ. ಇದು ಹೊರಗಿನವರ ಕೆಲಸ ಅಲ್ಲ. ಕೈತಪ್ಪಿ ನೀವೇ ಒತ್ತಿದ್ದೀರಿ."

ರಾಮದಾಸ ನೆಲ ನೋಡಿದ. ವಿನಯ್‌ಗೆ ಅಯ್ಯೋ ಅನ್ನಿಸಿತು.

"ಬೇಜಾರು ಮಾಡ್ಬೇಡಿ. ಊರಿಗೆ ಹೋಗುವ ಆಸೆ ಹೇಗಿರ್ತದೆ ಅಂತ ನನಗೂ ಗೊತ್ತುಂಟು. ಹೊರಗಿನವರೇ ಮಾಡಿಸಿದ್ದು ಅಂತ ಬರೆದುಬಿಡ್ತೇನೆ. ಮೈಸೂರಿನ ಆರ್ಡರ್ ನಾಳೆಯೇ ವಾಪಸ್ ಬರ್ತದೆ."

ರಾಮದಾಸ ಎದ್ದು, ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ ಬಂದು, ವಿನಯ್‌ನ ಎರಡೂ ಕೈ ಹಿಡಿದುಕೊಂಡ.

"ದಮ್ಮಯ್ಯ, ಹಾಗೆ ಬರೀಬೇಡಪ್ಪ. ಕೈತಪ್ಪಿ ಒತ್ತಿದ, ಶುದ್ಧ ದಡ್ಡ ಅಂತ ಬರಿ, ಎಲ್ಲರೂ ನಂಬ್ತಾರೆ. ಇಷ್ಟು ವರ್ಷ ಬೈದು ಬೈದು, ಈಗ ಈ ಊರು ಬಿಡೋಕೆ ನನಗೆ ಮನಸ್ಸಿಲ್ಲ, ಅದಕ್ಕೇ ಕಣ್ಣು ಬಿಟ್ಕೊಂಡೇ ಒತ್ತಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"